ನೂರು ಏಳಾದದ್ದು, ನೂರೆಂಬತ್ತು ಇಪ್ಪತ್ತೆರಡಾದದ್ದು

ಯಾನ್ ಜಿನ್‌ಗೆನ್‌ನ ಬತ್ತಳಿಕೆಯಲ್ಲಿ ಇದ್ದದ್ದು ಒಂದೇ ಕಥೆ. ಅದನ್ನೇ ಆತ ಮೂವತ್ತು ವರ್ಷಗಳಿಂದ ಹೇಳುತ್ತ ಬಂದಿದ್ದ. ಕಲ್ಲುಸೇತುವೆಯ ಬುಡದಲ್ಲಿ ಒಂದು ಬಿಸಿನೀರಿನ ಅಂಗಡಿ, ಅದರೊಳಗೆ ನಾಲ್ಕಾರು ಮರದ ಮೇಜು. ಬೆಳಗಾದರೆ ಊರಿನ ಮುದುಕರೆಲ್ಲ ಚಹಾಕ್ಕೆ ಅಲ್ಲೇ ಸೇರುವುದು. ಅಲ್ಲಿ ಹೊಸ ಮುಖವೊಂದು ಕಂಡರೆ ಸಾಕು, ಜಿನ್‌ಗೆನ್ ಗಂಟಲು ಸರಿಮಾಡಿಕೊಳ್ಳುತ್ತಿದ್ದ. ಹೊಸ ಮುಖ ಸಿಗದಿದ್ದರೆ ಹಳೆಯ ಮುಖಗಳಿಗೇ ಹೇಳುತ್ತಿದ್ದ. ಕಥೆಯಲ್ಲಿ ಬರುವ ಪೆದ್ದ ದೂರದವನೇನಲ್ಲ. ಅದೇ ಅಂಗಡಿಯ ಒಲೆಯ ಮುಂದೆ ನಿಂತು ಬಂದವರ ಫ್ಲಾಸ್ಕಿಗೆಲ್ಲ ನೀರು ತುಂಬಿಸಿಕೊಡುತ್ತಿದ್ದ ತು ಬಾವ್‌ಶೆಂಗ್.

ಕಥೆ ನಡೆದದ್ದು ಊರಿನ ರೇಷ್ಮೆ ಮಿಲ್ಲಿನಲ್ಲಿ, ಇಬ್ಬರ ಮೀಸೆಯೂ ಕಪ್ಪಗಿದ್ದ ಕಾಲದಲ್ಲಿ. ಗೂಡು ಬೇಯಲು ಹಬೆ ಬೇಕು, ರಾಟೆ ತಿರುಗಲು ಹಬೆ ಬೇಕು. ಆ ಹಬೆಯನ್ನು ಕೊಡುವ ಬಾಯ್ಲರಿನ ಮುಂದೆ ಕಲ್ಲಿದ್ದಲು ಎರಚುವ ಕೆಲಸ ಇವರಿಬ್ಬರದು, ಒಬ್ಬನ ಪಾಳಿ ಮುಗಿದರೆ ಇನ್ನೊಬ್ಬನದು. ಬಾಯ್ಲರು ಹಳೆಯ ಧಣಿಗಳು ಇಂಗ್ಲೆಂಡಿನಿಂದ ತರಿಸಿದ್ದು. ಅದರ ಮೇಲೆ ಗೋಡೆ ಗಡಿಯಾರದಷ್ಟು ದೊಡ್ಡದೊಂದು ಗೇಜು, ಅದರಲ್ಲಿ ಪೌಂಡಿನ ಲೆಕ್ಕ. ಮುಳ್ಳು ನೂರರ ಮೇಲೆ ನಿಂತಿದ್ದರೆ ಎಲ್ಲ ಕ್ಷೇಮ ಎಂದು ಅರ್ಥ.

ಮಿಲ್ಲು ಸರ್ಕಾರದ ಕೈಗೆ ಬಂದ ಮೇಲೆ ಆ ಗೇಜು ಕೆಟ್ಟಿತು. ಶಾಂಘೈಯಿಂದ ಬಂದ ಮೇಸ್ತ್ರಿಯೊಬ್ಬ ಹೊಸದನ್ನು ಕೂರಿಸಿ ಹೋದ. ಹೊಸದರಲ್ಲಿ ಕಿಲೋ ಲೆಕ್ಕ. ತಕ್ಕಡಿಯ ಕಿಲೋ ಬೇರೆ, ಒತ್ತಡದ ಕಿಲೋ ಬೇರೆ. ಇಲ್ಲಿ ಹದಿನಾಲ್ಕು ಪೌಂಡು ಸೇರಿದರೆ ಹತ್ತಿರ ಹತ್ತಿರ ಒಂದು ಕಿಲೋ. ಹಾಗಾಗಿ ಹಳೆಯ ನೂರು ಹೊಸದರಲ್ಲಿ ಏಳು. ಮುಳ್ಳಿನ ಕೆಳಗೆ ಸಣ್ಣ ಅಕ್ಷರದಲ್ಲಿ ಕಿಲೋ ಎಂದು ಬರೆದೂ ಇತ್ತು. ಆ ದಿನ ಬಾವ್‌ಶೆಂಗ್ ತಂಗಿಯ ಮದುವೆಗೆಂದು ಊರಲ್ಲಿರಲಿಲ್ಲ. ಮರುದಿನ ದೋಣಿ ಇಳಿದವನು ನೆಟ್ಟಗೆ ಪಾಳಿಗೆ ಬಂದ, ಕತ್ತೆತ್ತಿ ಗೇಜು ನೋಡಿದ. ನೂರು ಇರಬೇಕಾದ ಮುಳ್ಳು ಏಳರಲ್ಲಿ!

"ಅಯ್ಯಯ್ಯೋ, ಬೆಂಕಿ ಸತ್ತೋಯ್ತು!" ಎಂದು ಬಾವ್‌ಶೆಂಗ್ ಸಲಿಕೆ ಹಿಡಿದು ಕಲ್ಲಿದ್ದಲು ತುಂಬಿದ. ಮುಳ್ಳು ಎಂಟಕ್ಕೆ ಬಂತು, ಒಂಬತ್ತಕ್ಕೆ ಬಂತು. 'ಇನ್ನೂ ನೂರಾಗಬೇಕಲ್ಲಪ್ಪಾ' ಎಂದು ಮತ್ತೆ ತುಂಬಿದ. ಕೊನೆಗೆ ಸೇಫ್ಟಿ ವಾಲ್ವು ಬಾಯಿ ಬಿಟ್ಟು ಕಿರುಚಿಕೊಂಡಿತು. ಹಬೆ ಮಾಡಿಗೆ ನುಗ್ಗಿತು. ನೂಲು ತೆಗೆಯುತ್ತಿದ್ದ ಹುಡುಗಿಯರೆಲ್ಲ ಒದ್ದೆ ಕೈಯಲ್ಲೇ ಎದ್ದುಬಿದ್ದು ಕಾಲುವೆ ದಂಡೆಗೆ ಓಡಿದರು. ಯಾರಿಗೂ ಏನೂ ಆಗಲಿಲ್ಲ, ಆದರೆ ಬಾವ್‌ಶೆಂಗ್‌ನನ್ನು ಬಾಯ್ಲರಿನಿಂದ ತೆಗೆದು ದೋಣಿಯಿಂದ ಕಲ್ಲಿದ್ದಲು ಹೊರುವ ಕೆಲಸಕ್ಕೆ ಹಾಕಿದರು. ಊರು ಅವನಿಗೆ 'ಏಳು' ಎಂದು ಹೆಸರಿಟ್ಟಿತು.

ಜಿನ್‌ಗೆನ್ ಕಥೆ ಮುಗಿಸುವಾಗ ಮೇಜು ಬಡಿಯುತ್ತಿದ್ದ. "ಮುಳ್ಳು ನೋಡ್ದ, ಅಕ್ಷರ ನೋಡ್ಲಿಲ್ಲ! ಅಲ್ಲಾ, ದೇವ್ರು ಕಣ್ಣು ಕೊಟ್ಟಿರೋದು ಯಾಕಂತೆ?"

ಎಲ್ಲರೂ ನಗುತ್ತಿದ್ದರು. ಬಾವ್‌ಶೆಂಗ್ ಒಲೆಯ ಕಡೆಯಿಂದ ತಿರುಗದೆಯೇ ಪ್ರತಿಸಲವೂ ಹೇಳುತ್ತಿದ್ದದ್ದು ಒಂದೇ ಮಾತು.

"ನಂಗ್ಯಾರೂ ಹೇಳಿರ್ಲಿಲ್ಲ."

ಅದಕ್ಕೆ ಇನ್ನೊಂದು ಸುತ್ತು ನಗು. ಆ ಮಾತೂ ಕಥೆಯ ಭಾಗವೇ ಆಗಿಹೋಗಿತ್ತು.

ಜಿನ್‌ಗೆನ್ ಕೆಟ್ಟವನಲ್ಲ. ಬೆಂಕಿಯ ಮುಂದೆ ಬಾಳು ಸವೆಸಿದವನು, ಅದರಲ್ಲಿ ಅವನಿಗೆ ಹೆಮ್ಮೆ. ಹಬೆ ಹೆಚ್ಚಾದರೆ ಪೈಪಿನ ಸದ್ದಿನಲ್ಲೇ ಗೊತ್ತಾಗುತ್ತಿತ್ತಂತೆ. ಹಾಗೆಂದು ಅವನೇ ಹೇಳುತ್ತಿದ್ದದ್ದು. ಆ ಸದ್ದು ಅವನ ಕಿವಿಗಳನ್ನು ತಿಂದುಹಾಕಿತ್ತು ಎನ್ನುವುದನ್ನು ಮಾತ್ರ ಅವನು ಒಪ್ಪುತ್ತಿರಲಿಲ್ಲ. ಎಡಗಿವಿ ಪೂರ್ತಿ ಮಂದ, ಬಲಗಿವಿ ಅರ್ಧ ಮಂದ. ಯಾರಾದರೂ ಮೆಲ್ಲಗೆ ಮಾತಾಡಿದರೆ "ಹೂಂ, ಹೂಂ, ಸರಿ" ಎಂದು ತಲೆಯಾಡಿಸಿಬಿಡುತ್ತಿದ್ದ. ಹೆಂಡತಿ ಮೇಯ್ದಿ ಒಮ್ಮೆ ಪರೀಕ್ಷೆ ಮಾಡಲೆಂದೇ "ಮುದ್ಕಾ, ನಿನ್ನ ಪಿಂಚಣಿ ಎಲ್ಲಾ ನಮ್ಮಣ್ಣಂಗೆ ಕೊಟ್ಬಿಡ್ಲಾ?" ಎಂದು ಕೇಳಿದಳು. ಅದಕ್ಕೂ "ಹೂಂ, ಸರಿ" ಎಂದಿದ್ದ. ಈ ಮೇಯ್ದಿ ಅಂದು ಕಾಲುವೆ ದಂಡೆಗೆ ಓಡಿದ ಹುಡುಗಿಯರಲ್ಲೇ ಒಬ್ಬಳು.

ಅವನು ನಿವೃತ್ತನಾಗುವ ಹೊತ್ತಿಗೆ ಮಿಲ್ಲಿನ ದವಾಖಾನೆಯ ಬಿಯಾನ್ ನರ್ಸಮ್ಮ ಅವನ ತೋಳಿಗೆ ಪಟ್ಟಿ ಸುತ್ತಿ, ಗಾಳಿ ಹಾಕಿ, ಪಾದರಸದ ಕಡೆ ನೋಡಿ, "ನೂರೆಂಬತ್ತು!" ಎಂದು ಕಿವಿಯ ಹತ್ತಿರವೇ ಕೂಗಿದ್ದಳು. ಅವಳಿಗೆ ಮಿಲ್ಲಿನವರ ಕಿವಿಗಳ ಪರಿಚಯ ಚೆನ್ನಾಗಿತ್ತು. "ಉಪ್ಪು ಕಮ್ಮಿ, ಹೆಂಡ ಕಮ್ಮಿ, ದಿನಾ ಬೆಳಿಗ್ಗೆ ಮಾತ್ರೆ. ಇಲ್ಲಾಂದ್ರೆ ತಲೇಲಿ ನರ ಒಡ್ದು ಒಂದು ಕಡೆ ಕೈಕಾಲು ಬಿದ್ದೋಗತ್ತೆ, ತಿಳೀತಾ?" ಇದು ಜಿನ್‌ಗೆನ್‌ಗೆ ತಕ್ಷಣ ತಿಳಿಯಿತು. ಒತ್ತಡ ಹೆಚ್ಚಾದರೆ ಪೈಪು ಒಡೆಯುತ್ತದೆ, ಇದರಲ್ಲಿ ಹೊಸದೇನಿದೆ? ಅಂದಿನಿಂದ ಆ ಬಿಳಿ ಗುಳಿಗೆಗೆ 'ಹಬೆ ಇಳಿಸೋ ಮಾತ್ರೆ' ಎಂದು ಹೆಸರಿಟ್ಟು, ತಪ್ಪದೆ ನುಂಗುತ್ತ ಬಂದ. ನರ್ಸಮ್ಮನೂ ನಿವೃತ್ತಳಾದಳು, ದವಾಖಾನೆ ಮುಚ್ಚಿತು. ಮುಂದಿನ ತಪಾಸಣೆಗೆ ಅವನು ದೋಣಿ ಹತ್ತಿ ಪೇಟೆಯ ಆಸ್ಪತ್ರೆಗೆ ಹೋಗಬೇಕಾಯಿತು.

ಅಲ್ಲಿನ ಡಾಕ್ಟರು ಮೃದು ಮಾತಿನ ಹುಡುಗ. ಹೊರಗೆ ಜನ ತುಂಬಿದ್ದರೂ ಇವನನ್ನು ಕೂರಿಸಿ, ಒತ್ತಡ ನೋಡಿ, ಚೀಟಿಯಲ್ಲಿ ಬರೆದು, ಎಲ್ಲವನ್ನೂ ವಿವರವಾಗಿ ಹೇಳಿದ. ಹೇಳಿದ್ದೆಲ್ಲ ಎಡಗಿವಿಯ ಕಡೆಯಿಂದ. ಜಿನ್‌ಗೆನ್ "ಹೂಂ, ಹೂಂ, ಸರಿ" ಎಂದು ಎದ್ದು ಬಂದ.

ಡಾಕ್ಟರು ಹೇಳಿದ್ದೇನೆಂಬುದನ್ನು ಇಲ್ಲೇ ತಿಳಿಸಿಬಿಡುವುದು ಒಳ್ಳೆಯದು. ದೇಶದ ಅಳತೆಗಳನ್ನೆಲ್ಲ ಹೊಸ ಪದ್ಧತಿಗೆ ತರಬೇಕೆಂದು ಮೇಲಿನಿಂದ ಆಜ್ಞೆಯಾಗಿತ್ತು. ಪಾದರಸದ ಮಿಲಿಮೀಟರಿನಲ್ಲಿ ಬರೆಯುತ್ತಿದ್ದ ರಕ್ತದೊತ್ತಡವನ್ನು ಆಸ್ಪತ್ರೆಗಳು ಕಿಲೋಪಾಸ್ಕಲ್ ಎಂಬ ಲೆಕ್ಕದಲ್ಲಿ ಬರೆಯತೊಡಗಿದ್ದವು. ಆ ಚೀಟಿಯಲ್ಲಿದ್ದದ್ದು ಮೇಲೆ ಇಪ್ಪತ್ತೆರಡು, ಕೆಳಗೆ ಹದಿಮೂರು. ಹೊಸ ಇಪ್ಪತ್ತೆರಡು ಎಂದರೆ ಹಳೆಯ ನೂರ ಅರವತ್ತೈದು. 'ಮೊದಲಿಗಿಂತ ಇಳಿದಿದೆ ತಾತ, ಇನ್ನೂ ಇಳಿಯಬೇಕು, ಮಾತ್ರೆ ಮಾತ್ರ ನಿಲ್ಲಿಸಬೇಡಿ' ಎಂದು ಆ ಹುಡುಗ ಹೇಳಿದ್ದ.

ದೋಣಿಯಲ್ಲಿ ಕೂತು ಜಿನ್‌ಗೆನ್ ಚೀಟಿ ಬಿಡಿಸಿದ. ಇಪ್ಪತ್ತೆರಡು! ನೂರೆಂಬತ್ತು ಇದ್ದದ್ದು ಇಪ್ಪತ್ತೆರಡಕ್ಕೆ ಬಿದ್ದಿದೆ. ಇಪ್ಪತ್ತೆರಡರಲ್ಲಿ ಯಾವ ರಾಟೆ ತಿರುಗುತ್ತದೆ? ದೋಣಿ ಹತ್ತುವ ತನಕ ಗಟ್ಟಿಯಾಗಿದ್ದ ಕಾಲುಗಳು ಇಳಿಯುವಾಗ ನಡುಗಿದವು. ಸೇತುವೆಯ ಮೇಲೆ ಎರಡು ಸಲ ಕೂತು, ಕಲ್ಲಿನ ಕಟಕಟೆ ಹಿಡಿದು ಮನೆ ಸೇರಿದ.

"ಮೇಯ್ದಿ, ನನ್ ಬೆಂಕಿ ಆರ್ತಾ ಇದೆ ಕಣೇ" ಎಂದ. "ಆ ಹಾಳು ಮಾತ್ರೆ ಹಬೇನೆಲ್ಲಾ ಇಳ್ಸಿಬಿಡ್ತು. ಬರೀ ಇಪ್ಪತ್ತೆರಡಂತೆ."

ಮೇಯ್ದಿ ಚೀಟಿಯನ್ನು ಬೆಳಕಿಗೆ ಹಿಡಿದು ನೋಡಿದಳು. ಅಂಕಿ ಅವಳಿಗೂ ಓದಲು ಬರುತ್ತಿತ್ತು. ಪಾತ್ರೆ ಕೆಳಗಿಟ್ಟು ಗೋಡೆಗೊರಗಿ ಅತ್ತಳು. ಅತ್ತು ಮುಗಿದ ಮೇಲೆ ಕಣ್ಣೊರೆಸಿಕೊಂಡು, "ಏನ್ ಮಾಡ್ಬೇಕು ಹೇಳು" ಎಂದಳು.

"ಮಾಡೋದೇನು? ಹಬೆ ಬಿದ್ರೆ ಬಾಯ್ಲರ್‌ನವನು ಏನ್ ಮಾಡ್ತಾನೆ? ಕಲ್ಲಿದ್ದಲು ಹಾಕ್ತಾನೆ."

ಅಂದಿನಿಂದ ಆ ಮನೆಯಲ್ಲಿ ಕಲ್ಲಿದ್ದಲು ಹಾಕುವ ಕೆಲಸ ಶುರುವಾಯಿತು. ಗುಳಿಗೆಯ ಬಾಟಲಿ ಕಪಾಟಿನ ಹಿಂದಕ್ಕೆ ಹೋಯಿತು. ಸೂರಿನಡಿ ತೂಗಿಬಿಟ್ಟಿದ್ದ ಉಪ್ಪು ಹಚ್ಚಿದ ಹಂದಿಮಾಂಸ ಕೆಳಗಿಳಿಯಿತು. ಬೆಳಿಗ್ಗೆ ಗಂಜಿಯ ಜೊತೆ ಉಪ್ಪಿನಲ್ಲಿಟ್ಟ ಬಾತುಮೊಟ್ಟೆ, ಮಧ್ಯಾಹ್ನ ಬಿದಿರುಕಳಲೆ ಹಾಕಿ ಕುದಿಸಿದ ಉಪ್ಪುಮಾಂಸ, ಸಂಜೆ ಬಿಸಿ ಮಾಡಿದ ಅಕ್ಕಿಹೆಂಡ. ಸುದ್ದಿ ತಿಳಿದ ನೆರೆಹೊರೆಯವರೂ ಸುಮ್ಮನಿರಲಿಲ್ಲ. ಪಕ್ಕದ ಮನೆಯವಳು ಮಗಳ ಬಾಣಂತನಕ್ಕೆಂದು ತೆಗೆದಿಟ್ಟಿದ್ದ, ಮೈಗೆ ಕಾವು ಕೊಡುವ ಜಿನ್ಸೆಂಗ್ ಬೇರನ್ನು ತಂದುಕೊಟ್ಟಳು. ಎದುರು ಮನೆಯವನು ತನ್ನ ಕೈಯಾರೆ ಹುದುಗಿಸಿದ ಖಾರದ ತೋಫು ಕೊಟ್ಟ. ಇಷ್ಟು ವರ್ಷ ಬೇಡ ಬೇಡ ಎನ್ನಿಸಿಕೊಂಡದ್ದೆಲ್ಲ ಈಗ ಔಷಧಿಯಾಗಿ ಎದುರಿಗೆ ಬಂದು ಕೂತಿತ್ತು. ಸಾಯುವ ಭಯದಲ್ಲೂ ಜಿನ್‌ಗೆನ್ ತಟ್ಟೆ ಚೊಕ್ಕ ಮಾಡುತ್ತಿದ್ದ.

ಕೆಲವೇ ದಿನಗಳಲ್ಲಿ ಮುಖ ಕೆಂಪಗಾಯಿತು. "ನೋಡೇ, ಬಣ್ಣ ಬಂತು!" ಎಂದು ಅವನಿಗೆ ಖುಷಿ. ಕಿವಿಯಲ್ಲಿ ಗುಂಯ್‌ಗುಡುವ ಸದ್ದು ಶುರುವಾಯಿತು. ಬಾಯ್ಲರಿಗೆ ಬೆಂಕಿ ಹತ್ತಿಕೊಂಡಾಗ ಕೇಳುವ ಸದ್ದೇ ಅದು ಎಂದುಕೊಂಡ. ಒಂದು ಬೆಳಿಗ್ಗೆ ಮುಖ ತೊಳೆಯುವಾಗ ಮೂಗಿನಿಂದ ರಕ್ತ ಬಂತು. ಆಗ ಮಾತ್ರ ಮೇಯ್ದಿಗೆ ಒಳಗೊಳಗೇ ಅಳುಕಾಯಿತು. "ಕಮ್ಮಿ ಇರೋನಿಗೆ ಇದ್ಯಾಕೆ ಹೊರಗೆ ಬರತ್ತೆ?" ಎಂದು ಕೇಳಿದಳು. ಜಿನ್‌ಗೆನ್ "ಹೂಂ, ಸರಿ" ಎಂದ.

ಆ ಬೆಳಿಗ್ಗೆಯೇ ಅವನಿಗೆ ಬಿಸಿನೀರಿನ ಅಂಗಡಿಗೆ ಹೋಗಬೇಕೆನ್ನಿಸಿತು. ತಲೆ ಸಿಡಿಯುತ್ತಿತ್ತು. ಇನ್ನೆಷ್ಟು ದಿನವೋ, ಗೆಳೆಯರ ಮುಖ ಒಮ್ಮೆ ನೋಡಿಬಿಡೋಣ ಎಂದು ಹೊರಟ.

ಅಂಗಡಿಯಲ್ಲಿ ಎಂದಿನಂತೆ ಗದ್ದಲ. ಒಲೆಯ ಮೇಲಿನ ದೊಡ್ಡ ಹಂಡೆಗಳಿಂದ ಹಬೆ ಏಳುತ್ತಿತ್ತು. ಬಾವ್‌ಶೆಂಗ್ ಒಂದು ಕೈಯಲ್ಲಿ ಸೌಟು, ಇನ್ನೊಂದು ಕೈಯಲ್ಲಿ ಫ್ಲಾಸ್ಕು ಹಿಡಿದು ನಿಂತಿದ್ದ.

"ಓಹೋಹೋ, ಸವಾರಿ ಬಂತು! ಎಲ್ಲೋ ಹಾಳಾಗಿ ಹೋಗಿದ್ದೆ? ಕಥೆ ಇಲ್ದೆ ಚಹಾ ಸಪ್ಪೆ ಅಂತಾ ಇದಾರೆ ಎಲ್ರೂ."

ಜಿನ್‌ಗೆನ್ ನಗಲಿಲ್ಲ. ಬಾಗಿಲ ಬಳಿಯ ಬೆಂಚಿನಲ್ಲಿ ಕುಸಿದು ಕೂತ. "ಕಥೆ ಆಯ್ತು ಬಿಡೋ ಬಾವ್‌ಶೆಂಗ್. ಇನ್ನು ನನ್ ಕಥೇನೇ ಮುಗೀತು" ಎಂದ.

ಮೂವತ್ತು ವರ್ಷಗಳಲ್ಲಿ ಅವನು 'ಏಳು' ಎನ್ನದೆ 'ಬಾವ್‌ಶೆಂಗ್' ಎಂದು ಕರೆದದ್ದು ಅದೇ ಮೊದಲು. ಬಾವ್‌ಶೆಂಗ್ ಸೌಟು ಕೆಳಗಿಟ್ಟ.

"ಏನಾಯ್ತೋ?"

"ಒತ್ತಡ ಬಿದ್ದೋಗಿದೆ. ನೂರೆಂಬತ್ತು ಇತ್ತಲ್ಲ, ಈಗ ಇಪ್ಪತ್ತೆರಡು. ಮಾತ್ರೆ ಬಿಟ್ಟೆ. ಮೇಯ್ದಿ ಮಾಂಸ, ಹೆಂಡ, ಬೇರು, ಎಲ್ಲಾ ಹಾಕ್ತಾ ಇದಾಳೆ. ಬಣ್ಣ ಏನೋ ಬಂದಿದೆ, ತಲೆ ಮಾತ್ರ ಒಡ್ದೋಗೋ ಹಾಗಿದೆ."

ಬಾವ್‌ಶೆಂಗ್ ಅವನ ಮುಖವನ್ನೇ ನೋಡಿದ. ಸುಟ್ಟ ಇಟ್ಟಿಗೆಯ ಬಣ್ಣ. ಕಣ್ಣಿನ ಬಿಳಿಯಲ್ಲೂ ಕೆಂಪು ಗೆರೆಗಳು. ಮೂವತ್ತು ವರ್ಷಗಳ ಹಿಂದೆ, ಕೈಯಲ್ಲಿ ಸಲಿಕೆ ಹಿಡಿದು ಮುಳ್ಳನ್ನು ನೋಡುತ್ತ ನಿಂತ ಆ ಗಳಿಗೆ ಅವನಿಗೆ ನೆನಪಾಯಿತು. ಆ ದಿನ ಅವನ ಬೆನ್ನ ಹಿಂದೆ ರಾಟೆಗಳೆಲ್ಲ ಸುಖವಾಗಿ ತಿರುಗುತ್ತಲೇ ಇದ್ದವು. ಹಬೆ ಸತ್ತಿದ್ದರೆ ರಾಟೆ ಹೇಗೆ ತಿರುಗೀತು? ಆಗ ಅವನು ತಿರುಗಿ ನೋಡಿರಲಿಲ್ಲ. ಆಮೇಲೆ ದೋಣಿಯಿಂದ ಕಲ್ಲಿದ್ದಲು ಹೊರುತ್ತ, ಒಂದೊಂದು ಬುಟ್ಟಿಗೂ ಅದನ್ನೇ ಯೋಚಿಸಿದ್ದ.

"ಸೇತುವೆ ಹತ್ತಿ ಬಂದ್ಯಾ?" ಎಂದು ಕೇಳಿದ.

"ಮತ್ತೆ ಹಾರ್ಕೊಂಡು ಬಂದ್ನಾ?"

"ಎಲ್ಲೂ ಕೂರ್ಲಿಲ್ವಾ?"

"ಇಲ್ಲ. ಯಾಕೆ?"

"ಇಪ್ಪತ್ತೆರಡರಲ್ಲಿ ಇರೋನು ಸೇತುವೆ ಹತ್ತತಾನೇನೋ? ರಾಟೆ ತಿರುಗ್ತಾ ಇದೆ ಕಣೋ, ನಿನ್ ರಾಟೆ ಜೋರಾಗೇ ತಿರುಗ್ತಾ ಇದೆ!" ಬಾವ್‌ಶೆಂಗ್ ಒಲೆ ಬಿಟ್ಟು ಹತ್ತಿರ ಬಂದ. ಬಲಗಿವಿಯ ಬಳಿ ಬಗ್ಗಿ ಕೂಗಿದ. "ಆ ಇಪ್ಪತ್ತೆರಡರ ಪಕ್ಕದಲ್ಲಿ ಏನ್ ಬರ್ದಿತ್ತು?"

"ಏನೋ ಸಣ್ಣ ಅಕ್ಷರ. ಡಾಕ್ಟರ್ ಅಕ್ಷರ ಯಾರಪ್ಪ ಓದ್ತಾರೆ?"

ಅಲ್ಲಿದ್ದ ಒಬ್ಬೊಬ್ಬರೂ ಆ ಕಥೆಯನ್ನು ನೂರಾರು ಸಲ ಕೇಳಿದವರು. ಯಾರೋ ಒಬ್ಬ ಚಹಾದ ಬಟ್ಟಲನ್ನು ತುಟಿಯ ಹತ್ತಿರ ಹಿಡಿದುಕೊಂಡೇ ಉಳಿದ. ಬಾವ್‌ಶೆಂಗ್‌ಗೆ ಆ ಕ್ಷಣದಲ್ಲಿ ಹೇಳಬಹುದಾದ ಮಾತೊಂದಿತ್ತು. ಮೂವತ್ತು ವರ್ಷಗಳಿಂದ ಬಡ್ಡಿ ಬೆಳೆದು ಕೂತಿದ್ದ ಮಾತು. ಅವನು ಅದನ್ನು ಹೇಳಲಿಲ್ಲ. ಗೆಳೆಯ ಎಲ್ಲಿ ಸತ್ತುಹೋಗುತ್ತಾನೋ ಎಂದು ಭಯವಾಗಿತ್ತು ಅವನಿಗೆ. ಒಲೆಯ ಬಾಗಿಲು ಮುಚ್ಚಿದ, ಮುಂಗಟ್ಟಿನ ಹಲಗೆ ಎಳೆದ. ಹೊಸ ವರ್ಷದ ದಿನವೂ ಮುಚ್ಚದ ಅಂಗಡಿ ಅದು.

"ಏಯ್, ನನ್ ಫ್ಲಾಸ್ಕ್!" ಎಂದು ಹೊರಗಿದ್ದ ಹೆಂಗಸೊಬ್ಬಳು ಕೂಗಿದಳು.

"ತಣ್ಣೀರು ಕುಡಿಯಮ್ಮ ಇವತ್ತು! ಏಳೋ ಜಿನ್‌ಗೆನ್, ಮೆಲ್ಲಗೆ ಏಳು. ಗದ್ಲ ಮಾಡ್ಬೇಡ, ಕೋಪ ಮಾಡ್ಕೋಬೇಡ. ನೀನೀಗ ಒಡೆಯೋ ಪೈಪು."

ಬಿಯಾನ್ ನರ್ಸಮ್ಮನ ಮನೆ ಕಾಲುವೆಯ ಆಚೆ ಓಣಿಯಲ್ಲಿ. ನಿವೃತ್ತಳಾಗುವಾಗ ತನ್ನ ಹಳೆಯ ಪಾದರಸದ ಯಂತ್ರವನ್ನು ಕೇಳಿ ತಂದುಕೊಂಡಿದ್ದಳು. ಓಣಿಯ ಮುದುಕಿಯರಿಗೆಲ್ಲ ಅದೇ ಆಸ್ಪತ್ರೆ. ಜಿನ್‌ಗೆನ್‌ನ ಮುಖ ನೋಡಿದವಳೇ ಅವರೆಬೀಜ ಸುಲಿಯುತ್ತಿದ್ದ ಕೈಯನ್ನು ಒರೆಸಿಕೊಂಡು ಪಟ್ಟಿ ಬಿಚ್ಚಿದಳು. ಗಾಳಿ ಹಾಕಿದಳು. ಪಾದರಸ ಏರಿತು, ಏರುತ್ತಲೇ ಹೋಯಿತು. ಆಮೇಲೆ ನಿಧಾನವಾಗಿ ಇಳಿಸುತ್ತ, ಕಿವಿಗೊಟ್ಟು ಕೇಳುತ್ತ, ಅವಳ ಹುಬ್ಬು ಗಂಟಾಯಿತು.

"ಇನ್ನೂರಕ್ಕೆ ಐದು ಕಮ್ಮಿ" ಎಂದು ಬಾವ್‌ಶೆಂಗ್‌ಗೆ ಹೇಳಿದಳು. ರೋಗಿಯ ಕಡೆ ತಿರುಗಿ, "ಏನ್ ತಿಂದ್ಯಪ್ಪಾ ನೀನು?" ಎಂದು ಕೂಗಿದಳು.

ಜಿನ್‌ಗೆನ್ ತಿಂದದ್ದನ್ನೆಲ್ಲ ಒಂದೊಂದಾಗಿ ಹೇಳಿದ. ನರ್ಸಮ್ಮ ಮೊದಲು ತಲೆ ಚಚ್ಚಿಕೊಂಡಳು, ಆಮೇಲೆ ಬೈದಳು, ಬೈಯುತ್ತಲೇ ತನ್ನ ಪೆಟ್ಟಿಗೆಯಿಂದ ಗುಳಿಗೆ ತೆಗೆದು ನುಂಗಿಸಿದಳು. ಕಿಟಕಿಯ ಪಕ್ಕದ ಬಿದಿರು ಮಂಚದಲ್ಲಿ ತಲೆ ಎತ್ತರಕ್ಕಿಟ್ಟು ಮಲಗಿಸಿದಳು. "ಸಂಜೆ ತನಕ ಏಳೋ ಹಾಗಿಲ್ಲ. ಇಳೀಲಿಲ್ಲ ಅಂದ್ರೆ ಪೇಟೆ ಆಸ್ಪತ್ರೆಗೆ ದೋಣಿ ಗೊತ್ತು ಮಾಡೋದು. ಇನ್ನೊಂದು ವಾರ ಹೀಗೇ ತಿಂದಿದ್ರೆ ನಾನು ನಿನ್ನ ನೋಡೋಕೆ ಸೂತಕದ ಬಿಳಿ ಬಟ್ಟೆ ಕಟ್ಕೊಂಡು ಬರ್ಬೇಕಿತ್ತು" ಎಂದಳು.

"ಆದ್ರೆ ಇಪ್ಪತ್ತೆರಡು..." ಎಂದು ಜಿನ್‌ಗೆನ್ ಮಲಗಿದಲ್ಲಿಂದಲೇ ರಾಗ ಎಳೆದ.

"ಕೊಡಿಲ್ಲಿ ಚೀಟಿ. ಹೂಂ, ನಂಗೊತ್ತಿತ್ತು. ಇದು ಹೊಸ ಲೆಕ್ಕ. ನಮ್ಗೆಲ್ಲಾ ಇದನ್ನ ಹಾಡಿನ ಥರ ಬಾಯಿಪಾಠ ಮಾಡ್ಸಿದ್ರು. ಹಳೇದ್ರಿಂದ ಹೊಸದಕ್ಕೆ ಹೋಗ್ಬೇಕಾದ್ರೆ, ಎರಡರಷ್ಟು ಮಾಡು, ಮತ್ತೆ ಎರಡರಷ್ಟು ಮಾಡು, ಮೂರು ಪಾಲು ಮಾಡಿ ಒಂದು ತಗೋ, ಹತ್ತು ಪಾಲು ಮಾಡಿ ಒಂದು ತಗೋ. ಹೊಸದ್ರಿಂದ ಹಳೇದಕ್ಕೆ ಬರ್ಬೇಕಾದ್ರೆ ಹಿಂದುಮುಂದು." ಗೋಡೆಯಿಂದ ಲೆಕ್ಕ ಮಾಡುವ ಮಣಿಚೌಕಟ್ಟು ತೆಗೆದು ತೊಡೆಯ ಮೇಲಿಟ್ಟುಕೊಂಡಳು. "ಇಪ್ಪತ್ತೆರಡಕ್ಕೆ ಮೂರರಷ್ಟು, ಅರವತ್ತಾರು. ಅದಕ್ಕೆ ಹತ್ತರಷ್ಟು, ಆರುನೂರ ಅರವತ್ತು."

"ಆರುನೂರ ಅರವತ್ತಾ!" ಜಿನ್‌ಗೆನ್ ಧಡಕ್ಕನೆ ಎದ್ದು ಕೂತ. "ಆಂಗ್ಲರ ಬಾಯ್ಲರ್ರೇ ಒಡ್ದೋಗತ್ತಲ್ಲಮ್ಮಾ!"

"ಮಲ್ಕೋ! ಲೆಕ್ಕ ಇನ್ನೂ ಮುಗ್ದಿಲ್ಲ. ಅದರಲ್ಲಿ ಅರ್ಧ, ಮುನ್ನೂರ ಮೂವತ್ತು."

"ಆಗ್ಲೂ ಸತ್ತೆ."

"ಅದರಲ್ಲೂ ಅರ್ಧ. ನೂರ ಅರವತ್ತೈದು." ಮಣಿಗಳನ್ನು ಟಕ್ಕೆಂದು ಸರಿಸಿದಳು. "ನಿನ್ನ ಬೆಂಕಿ ಆರಿರ್ಲಿಲ್ಲ ಮಹಾರಾಯ. ನೂರೆಂಬತ್ತರಿಂದ ನೂರ ಅರವತ್ತೈದಕ್ಕೆ ಚೆನ್ನಾಗಿ ಇಳೀತಾ ಇತ್ತು. ಮಾತ್ರೆ ತನ್ನ ಪಾಡಿಗೆ ಕೆಲ್ಸ ಮಾಡ್ತಾ ಇತ್ತು. ನೀನೇ ಹೋಗಿ ಕಲ್ಲಿದ್ದಲು ತುಂಬ್ದೆ."

ಜಿನ್‌ಗೆನ್ ದಿಂಬಿಗೆ ಒರಗಿದ. ಸಾಯುವುದಿಲ್ಲ. ಸಾಯುತ್ತಿರಲೂ ಇಲ್ಲ. ಅವನ ಕಣ್ಣಂಚಿನಿಂದ ನೀರು ಕಿವಿಯ ಕಡೆ ಹರಿಯಿತು, ಅದನ್ನು ಒರೆಸಿಕೊಳ್ಳಲೂ ಅವನಿಗೆ ತೋಚಲಿಲ್ಲ. ಆ ಹಗಲೆಲ್ಲ ಅವನು ಕಿಟಕಿಯಾಚೆ ಹೋಗುವ ದೋಣಿಗಳನ್ನು ನೋಡುತ್ತ ಮಲಗಿದ್ದ. ಇಷ್ಟು ದಿನ ಅವುಗಳ ಕಡೆ ನೋಡಲೂ ಮನಸ್ಸಾಗಿರಲಿಲ್ಲ. ಬಾವ್‌ಶೆಂಗ್ ಕೆಳಗೆ ಮಣೆಯ ಮೇಲೆ ಕೂತು ನರ್ಸಮ್ಮನ ಅವರೆಬೀಜ ಸುಲಿಯುತ್ತಿದ್ದ.

ಸುದ್ದಿ ತಿಳಿದ ಮೇಯ್ದಿ ಓಡೋಡಿ ಬಂದಳು, ಕೈಯಲ್ಲಿ ಜಿನ್ಸೆಂಗ್ ಹಾಕಿ ಕುದಿಸಿದ ಕೋಳಿಸಾರಿನ ಪಾತ್ರೆ. ಬಾಗಿಲಲ್ಲೇ ನರ್ಸಮ್ಮ ಅದನ್ನು ಕಸಿದುಕೊಂಡಳು. ವಿಷಯವೆಲ್ಲ ಕೇಳಿದ ಮೇಲೆ ಮೇಯ್ದಿ ಹೊಸ್ತಿಲ ಮೇಲೆ ಕೂತುಬಿಟ್ಟಳು. ನಗು ಬಂತು, ಅಳು ಬಂತು, ಯಾವುದು ಮೊದಲು ಎಂದು ಅವಳಿಗೇ ಗೊತ್ತಾಗಲಿಲ್ಲ.

"ನನ್ ಕೈಯಾರೆ ಕೊಲ್ತಿದ್ನಲ್ಲಾ ನಿನ್ನ! ಅಯ್ಯೋ ಮುದ್ಕಾ, ಕಿವಿ ಕೇಳಲ್ಲ ಅಂತ ಒಂದ್ ಮಾತು ಡಾಕ್ಟರಿಗೆ ಹೇಳಿದ್ರೆ ನಿನ್ನ ಗಂಟೇನು ಹೋಗ್ತಿತ್ತು?" ಎಂದಳು. ಆಮೇಲೆ, "ಈ ಸಾರನ್ನ ಏನ್ ಮಾಡೋದು?" ಎಂದು ಕೇಳಿದಳು.

"ಏಳರ ಒತ್ತಡ ಚೆನ್ನಾಗಿದೆ, ಅವನು ಕುಡೀಲಿ" ಎಂದಳು ನರ್ಸಮ್ಮ. ಬಾವ್‌ಶೆಂಗ್ ಬೇಡವೆನ್ನಲಿಲ್ಲ. ಜಿನ್‌ಗೆನ್‌ನ ಕಣ್ಣೆದುರಿಗೇ ಪಾತ್ರೆ ಬರಿದು ಮಾಡಿ, ತುಟಿ ಸವರಿಕೊಂಡ.

ಹೊತ್ತು ಇಳಿಯುವಾಗ ನರ್ಸಮ್ಮ ಮತ್ತೆ ಪಟ್ಟಿ ಸುತ್ತಿದಳು. ಮೂವರೂ ಪಾದರಸದ ಕಡೆ ಉಸಿರು ಹಿಡಿದು ನೋಡಿದರು. "ನೂರ ಎಪ್ಪತ್ತು" ಎಂದಳು. "ಬಚಾವಾದೆ. ಮನೆಗೆ ನಡಿ, ಗಂಜಿ ಕುಡಿ, ಉಪ್ಪಿನ ಮುಖ ನೋಡಿದ್ರೆ ಜೋಕೆ. ನಾಳೆ ನಾಡಿದ್ರಲ್ಲಿ ಪೇಟೆಗೆ ಹೋಗಿ ಡಾಕ್ಟರಿಗೂ ತೋರ್ಸು. ಈ ಸಲ ಬಲಗಿವಿ ಕಡೆ ಕೂತ್ಕೋ."

ಮೇಯ್ದಿ ಗಂಜಿಗಿಡಲೆಂದು ಮುಂದೆ ಓಡಿದಳು, ಮನೆಯ ತನಕ ಬಾವ್‌ಶೆಂಗ್ ಜೊತೆಗೆ ಬಂದ. ಸೇತುವೆಯ ಮೇಲೆ ಜಿನ್‌ಗೆನ್ ನಿಂತ. ಮೈ ಹಗುರವಾಗಿತ್ತು, ತಲೆನೋವು ಇಳಿದಿತ್ತು. ಆದರೂ ಮರ್ಯಾದೆಯ ಚಿಂತೆ ಶುರುವಾಗಿತ್ತು. ಇಷ್ಟು ಹೊತ್ತಿಗೆ ಸುದ್ದಿ ಊರೆಲ್ಲ ಹರಡಿರುತ್ತದೆ. ಲೋಕಕ್ಕೆಲ್ಲ ಶಕುನ ಹೇಳುವ ಹಲ್ಲಿ ಬಾನಿಯಲ್ಲಿ ಬಿತ್ತಂತೆ ಎಂದು ನಗುವುದಿಲ್ಲವೆ?

"ಅಲ್ಲಾ ಕಣೋ" ಎಂದು ಸಮಜಾಯಿಷಿ ಶುರುಮಾಡಿದ, "ಲೆಕ್ಕ ಬದಲಾಗಿದೆ ಅಂತ ನಂಗ್ಯಾರೂ ಹೇಳಿರ್..."

ಮಾತು ಅಲ್ಲೇ ನಿಂತಿತು. ಬಾವ್‌ಶೆಂಗ್ ಅವನನ್ನು ನೋಡಲಿಲ್ಲ, ಕಾಲುವೆಯ ನೀರನ್ನು ನೋಡುತ್ತಿದ್ದ. ಆಮೇಲೆ ಬಾವ್‌ಶೆಂಗ್ "ಗಾಳಿ ತಣ್ಣಗಿದೆ, ನಡಿ" ಎಂದ.

ಒಂದಷ್ಟು ದಿನ ಜಿನ್‌ಗೆನ್ ಅಂಗಡಿಯ ಕಡೆ ಸುಳಿಯಲಿಲ್ಲ. ಗಂಜಿ ಕುಡಿದ, ಮಾತ್ರೆ ನುಂಗಿದ, ಮೇಯ್ದಿಯ ಬೈಗುಳವನ್ನು ಬಲಗಿವಿಯಲ್ಲೇ ಕೇಳಿಸಿಕೊಂಡ. ಪೇಟೆಯ ಡಾಕ್ಟರು ಚೀಟಿಯಲ್ಲಿ ಇಪ್ಪತ್ತು ಬರೆದುಕೊಟ್ಟ. ಮೇಯ್ದಿ ಅದನ್ನು ಎತ್ತಿಕೊಂಡು ನರ್ಸಮ್ಮನ ಮನೆಗೆ ಹೋಗಿ, ಮಣಿ ಸರಿಸಿ ನೋಡಿ, ನೂರೈವತ್ತು ಎಂದು ಖಾತರಿ ಮಾಡಿಕೊಂಡೇ ಒಲೆ ಹೊತ್ತಿಸಿದಳು. ಅವಳ ಮುಖದಲ್ಲಿ ಮೊದಲಿನ ಕಳೆ ಬಂದಿತ್ತು. ಕೊನೆಗೆ ಅವಳೇ ಅವನನ್ನು ಹೊರಗಟ್ಟಿದಳು. "ಹೋಗು, ಹೋಗಿ ನಗಿಸ್ಕೊಂಡು ಬಾ. ಮನೇಲಿ ಕೂತು ನನ್ ಒತ್ತಡ ಏರಿಸ್ಬೇಡ."

ಅವನು ಒಳಗೆ ಕಾಲಿಟ್ಟಾಗ ಅಂಗಡಿ ತುಂಬಿತ್ತು.

"ಬನ್ನಿ ಬನ್ನಿ, ಇಪ್ಪತ್ತೆರಡು ಅವರು ಬಂದ್ರು!" ಎಂದು ಮೂಲೆಯಿಂದ ಒಬ್ಬ ಕೂಗಿದ. "ಇಪ್ಪತ್ತೆರಡಕ್ಕೆ ಜಾಗ ಬಿಡ್ರೋ! ಉಪ್ಪುಮೊಟ್ಟೆ ತರ್ಸಲಾ ಅಣ್ಣಾ?" ಎಂದು ಇನ್ನೊಬ್ಬ. ಮೇಜುಗಳ ಮೇಲೆ ಕೈಗಳು ಬಡಿದವು. ಜಿನ್‌ಗೆನ್ ತನ್ನ ಹಳೆಯ ಜಾಗದಲ್ಲಿ ಕೂತು ಎಲ್ಲವನ್ನೂ ಹಲ್ಲುಬಿಟ್ಟು ನುಂಗಿಕೊಂಡ. ಪಕ್ಕದ ಮೇಜಿನಲ್ಲಿ ಹೊಸಬನೊಬ್ಬ ಕೂತಿದ್ದ, ರೇಷ್ಮೆಗೂಡಿನ ವ್ಯಾಪಾರಕ್ಕೆ ಬಂದವನು. ಒಲೆಯ ಮುಂದಿನವನನ್ನು ಜನ 'ಏಳು' ಎಂದು ಕರೆದದ್ದನ್ನೂ ಅವನು ಕೇಳಿದ್ದ. "ಇದೇನ್ ಕಥೆ ಸ್ವಾಮಿ, ಅಂಕಿ ಹೆಸರಿನೋರೇ ಇಬ್ರು ಇದಾರಲ್ಲ ನಿಮ್ಮೂರಲ್ಲಿ?" ಎಂದು ಕೇಳಿದ.

ಎಲ್ಲರೂ ಜಿನ್‌ಗೆನ್ ಕಡೆ ತಿರುಗಿದರು. ಹೊಸ ಮುಖ. ಅವನು ಅಭ್ಯಾಸದಂತೆ ಗಂಟಲು ಸರಿಮಾಡಿಕೊಂಡ. ಬಾಯ್ಲರು, ಇಂಗ್ಲೆಂಡು, ಶಾಂಘೈಯ ಮೇಸ್ತ್ರಿ, ಎಲ್ಲ ಸರಾಗವಾಗಿ ಬಂತು. ತಂಗಿಯ ಮದುವೆ ಬಂತು. ಬಾವ್‌ಶೆಂಗ್ ದೋಣಿಯಿಂದ ಇಳಿದು ಗೇಜು ನೋಡುವ ಜಾಗ ಬಂತು. ಮುಂದೆ ಮೇಜು ಬಡಿಯಬೇಕು, ಕಣ್ಣು ಕೊಟ್ಟಿರೋದು ಯಾಕಂತೆ ಎನ್ನಬೇಕು. ಜಿನ್‌ಗೆನ್ ಕೈ ಎತ್ತಿದ. ಎತ್ತಿದ ಕೈ ಮೆಲ್ಲಗೆ ಮೇಜಿನ ಮೇಲೆ ಇಳಿಯಿತು.

"ಅವತ್ತು" ಎಂದ, "ಗೇಜು ಬದಲಾಗಿದೆ ಅಂತ ಅವನಿಗೆ ಯಾರೂ ಹೇಳಿರ್ಲಿಲ್ಲ."

ಯಾರೂ ನಗಲಿಲ್ಲ. ಒಲೆಯ ಮುಂದೆ ಬಾವ್‌ಶೆಂಗ್‌ನ ಸೌಟು ನಿಂತಿತು. ಫ್ಲಾಸ್ಕು ತುಂಬಿ ಬಿಸಿನೀರು ಕಟ್ಟೆಯ ಮೇಲೆ ಹರಿಯಿತು. ಅವನು ಮೂವತ್ತು ವರ್ಷಗಳಲ್ಲಿ ಮೊದಲ ಸಲ, ಆ ಕಥೆಯ ಆ ಜಾಗದಲ್ಲಿ, ಇತ್ತ ತಿರುಗಿದ.

"ಏನಂದೆ?" ಎಂದು ಕೇಳಿದ.

"ನಿಂಗೆ ಯಾರೂ ಹೇಳಿರ್ಲಿಲ್ಲ ಅಂದೆ."

ಬಾವ್‌ಶೆಂಗ್ ಕೈಯನ್ನು ಕಿವಿಯ ಹಿಂದೆ ಇಟ್ಟುಕೊಂಡ. ಅವನ ಕಿವಿಗಳು ಊರಿನಲ್ಲೇ ಚುರುಕಾದ ಕಿವಿಗಳು ಎಂದು ಎಲ್ಲರಿಗೂ ಗೊತ್ತಿತ್ತು.

"ನಂಗ್ ಕೇಳಿಸ್ಲಿಲ್ಲ ಕಣೋ ಇಪ್ಪತ್ತೆರಡು. ಜೋರಾಗಿ ಹೇಳು."

ಜಿನ್‌ಗೆನ್ ಎದ್ದು ನಿಂತ. ಬಾಯ್ಲರಿನ ಸದ್ದನ್ನು ಮೀರಿ ಕೂಗುತ್ತಿದ್ದ ಹಳೆಯ ಗಂಟಲಿನಲ್ಲಿ, ಸೇತುವೆಯ ಮೇಲೆ ಹೋಗುವವರೂ ನಿಂತು ಬಗ್ಗಿ ನೋಡುವಷ್ಟು ಜೋರಾಗಿ, ಅದೇ ಮಾತನ್ನು ಇನ್ನೊಮ್ಮೆ ಹೇಳಿದ.